ಕುದಿಸಿದರಷ್ಟೇ ಸಾಲದು: ತಣಿಸುವ ಪಾಠ ಹೇಳಿದ ಲೂಯಿ ಪಾಶ್ಚರ್

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದು ಹೊಸತಲ್ಲ. ಬೆಳಿಗ್ಗೆ ಕುದಿಸಿಟ್ಟ ಹಾಲು ಸಂಜೆಗೆ ಒಡೆದುಹೋಗುವುದೂ ನಮ್ಮ ಮನೆಗಳಲ್ಲಿ ಹೊಸತಲ್ಲ. ಕುದಿಸಿದ ಮೇಲೂ ಹಾಲು ಕೆಡುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೊದಲು ನೆನೆಯಬೇಕಾದವರು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್. ಹಾಲಿನ ಪೊಟ್ಟಣದ ಮೇಲೆ ಕಾಣುವ ಪಾಶ್ಚರೀಕರಣ ಎಂಬ ಪದ ಅವರ ಹೆಸರಿನಿಂದಲೇ ಬಂದುದು. ಕಾಯಿಸುವ ಕ್ರಿಯೆಗೆ ಅವರ ಹೆಸರು ಅಂಟಿಕೊಂಡಿದೆ. ತಣಿಸುವ ಕ್ರಿಯೆಯ ಬಗ್ಗೆ ಅವರು ಪಟ್ಟ ಶ್ರಮ ನಮ್ಮ ಮಕ್ಕಳಿಗೆ ಅಷ್ಟಾಗಿ ಪರಿಚಿತವಲ್ಲ.

ಪಾಶ್ಚರ್ ಜನಿಸಿದ್ದು 1822ರ ಡಿಸೆಂಬರ್ 27ರಂದು, ಡೋಲ್ ಎಂಬ ಊರಿನಲ್ಲಿ. ತಂದೆಯದು ಚರ್ಮ ಹದಮಾಡುವ ಕಾಯಕ. ಬಾಲ್ಯ ಕಳೆದದ್ದು ಆರ್ಬುವಾ ಎಂಬ ಸಣ್ಣ ಪಟ್ಟಣದಲ್ಲಿ. ಪ್ಯಾರಿಸಿನಲ್ಲಿ ರಸಾಯನಶಾಸ್ತ್ರ ಓದಿ, 1854ರಲ್ಲಿ ಲೀಲ್ ನಗರದ ವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಹಾಲು ಹುಳಿಯಾಗುವುದು ಜೀವಾಣುಗಳ ಕೆಲಸವೆಂದು 1857ರಲ್ಲಿ ಪ್ರಕಟಿಸಿದರು. ಬಳಿಕ ಹಂಸದ ಕೊರಳಿನಂತೆ ಬಾಗಿದ ಗಾಜಿನ ಬುರುಡೆಗಳಲ್ಲಿ ಸಾರನ್ನು ಕುದಿಸಿಟ್ಟರು. ಗಾಳಿ ಒಳಹೋಗುತ್ತಿತ್ತು, ಧೂಳು ಮಾತ್ರ ಬಾಗಿದ ಕೊಳವೆಯಲ್ಲೇ ಉಳಿಯುತ್ತಿತ್ತು, ಸಾರು ಕೆಡಲಿಲ್ಲ. ಕುದಿಸಿದ ಪದಾರ್ಥಕ್ಕೆ ಕೇಡು ಹೊರಗಿನಿಂದ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು.

ಅವರ ಮನೆ ಮಾತ್ರ ದುಃಖದ ಮನೆಯಾಗಿತ್ತು. 1859ರಿಂದ 1866ರ ನಡುವೆ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ಪಾಶ್ಚರರ ಎಡಭಾಗ ಬಲಗುಂದಿತು. 1870-71ರ ಯುದ್ಧದಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಇಂತಹ ಹೊತ್ತಿನಲ್ಲಿ ಅವರು ಕೈಗೆತ್ತಿಕೊಂಡದ್ದು ತಮ್ಮ ದೇಶದ ಬಿಯರ್ ಉದ್ಯಮದ ಸಮಸ್ಯೆಯನ್ನು. ಜರ್ಮನಿಯ ಬಿಯರಿಗೆ ಸರಿಸಾಟಿಯಾದುದು ಫ್ರಾನ್ಸಿನಲ್ಲೂ ತಯಾರಾಗಬೇಕೆಂಬುದು ಅವರ ಹಟ. ಬಿಯರ್ ಮಕ್ಕಳಿಗೆ ಸಲ್ಲದ ಪಾನೀಯ; ನಮಗಿಲ್ಲಿ ಬೇಕಾದುದು ಅದರೊಳಗಿನ ವಿಜ್ಞಾನ.

ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯಿಂದ ಸಿಹಿ ರಸ ತೆಗೆದು, ಹಾಪ್ಸ್ ಎಂಬ ಹೂವಿನೊಡನೆ ಕುದಿಸುತ್ತಾರೆ. ಇದಕ್ಕೆ ವೋರ್ಟ್ ಎಂದು ಹೆಸರು. ಬಿಸಿ ರಸಕ್ಕೆ ಯೀಸ್ಟ್ ಹಾಕಿದರೆ ಅದು ಸತ್ತುಹೋಗುತ್ತದೆ. ಆದ್ದರಿಂದ ಮೊದಲು ತಣಿಸಲೇಬೇಕು. ಅಂದಿನ ಕಾರ್ಖಾನೆಗಳಲ್ಲಿ ಅಗಲವಾದ, ಆಳವಿಲ್ಲದ ತೆರೆದ ತೊಟ್ಟಿಗಳಲ್ಲಿ ರಸವನ್ನು ಹರಡಿ ಗಾಳಿಗೆ ಆರಲು ಬಿಡುತ್ತಿದ್ದರು. ಕುದಿತದ ಕಾವು ಇಳಿದಿದೆ, ಯೀಸ್ಟ್ ಇನ್ನೂ ಬಂದಿಲ್ಲ. ಈ ನಡುಗಾಲದಲ್ಲಿ ಸಿಹಿ ರಸವು ಕಾವಲಿಲ್ಲದ ಹೊಲದಂತೆ. ಗಾಳಿಯೊಡನೆ ಬಿದ್ದ ಜೀವಾಣುಗಳು ಉಗುರುಬೆಚ್ಚಗಿನ ರಸದಲ್ಲಿ ಬೆಳೆದು ಇಡೀ ತೊಟ್ಟಿಯನ್ನೇ ಹುಳಿಯಾಗಿಸುತ್ತಿದ್ದವು.

ಪಾಶ್ಚರ್ ಈ ನಡುಗಾಲಕ್ಕೆ ಬೇಲಿ ಹಾಕಿದರು. ಕುದಿದ ರಸವನ್ನು ಮುಚ್ಚಿದ ಪಾತ್ರೆಯಲ್ಲೇ ಇರಿಸಿ, ಪಾತ್ರೆಯ ಹೊರಮೈ ಮೇಲೆ ತಣ್ಣೀರು ಸಿಂಪಡಿಸಿ ತಣಿಸುವ ವಿಧಾನ ರೂಪಿಸಿದರು. ಇದಕ್ಕೆ 1873ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಕಾರ್ಖಾನೆಗೆ ಹೋಗಿ, ಅಲ್ಲಿನ ಯೀಸ್ಟಿನಲ್ಲಿ ಬೆರೆತ ಕಲ್ಮಶವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟರು. ಬಿಯರ್ ಕುರಿತ ಅವರ ಗ್ರಂಥ 1876ರಲ್ಲಿ ಪ್ರಕಟವಾಯಿತು. ದ್ರವದಲ್ಲಿ ಜೀವಾಣು ಹೊಕ್ಕು ಕೇಡು ತರುವುದಾದರೆ ದೇಹದಲ್ಲೂ ಹಾಗೆಯೇ ಆಗಬಾರದೇಕೆ ಎಂಬ ವಿಚಾರ ಅವರನ್ನು ರೋಗಗಳ ಕಡೆಗೆ ಒಯ್ದಿತು. 1885ರ ಜುಲೈ 6ರಂದು, ಹುಚ್ಚುನಾಯಿ ಕಚ್ಚಿದ 9 ವರ್ಷದ ಬಾಲಕ ಜೋಸೆಫ್ ಮೈಸ್ಟರನಿಗೆ ಅವರ ಲಸಿಕೆ ಕೊಡಲಾಯಿತು, ಬಾಲಕ ಬದುಕಿದನು. 1888ರಲ್ಲಿ ಪ್ಯಾರಿಸಿನಲ್ಲಿ ಪಾಶ್ಚರ್ ಸಂಸ್ಥೆ ಉದ್ಘಾಟನೆಯಾಯಿತು. 1895ರ ಸೆಪ್ಟೆಂಬರ್ 28ರಂದು ಅವರು ನಿಧನರಾದರು.

ಇಂದು ಡೈರಿಗಳಲ್ಲಿ ಹಾಲನ್ನು ಸುಮಾರು 72 ಡಿಗ್ರಿಗೆ 15 ಸೆಕೆಂಡು ಕಾಯಿಸಿ, ಒಡನೆಯೇ 4 ಡಿಗ್ರಿಯ ಸಮೀಪಕ್ಕೆ ಇಳಿಸುತ್ತಾರೆ. ತೆಳುವಾದ ಉಕ್ಕಿನ ಹಾಳೆಗಳ ಒಂದು ಬದಿಗೆ ಹಾಲು, ಇನ್ನೊಂದು ಬದಿಗೆ ಎದುರುಮುಖವಾಗಿ ತಣ್ಣೀರು ಹರಿಯುತ್ತದೆ. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಕಾಯಿಸಿದ ಮೇಲೂ ಬದುಕುಳಿಯುವ ಕೆಲವು ಗಟ್ಟಿ ಜೀವಾಣುಗಳಿಗೆ ಬೆಚ್ಚಗಿನ ಬಿಡುವು ಸಿಗದಿರಲೆಂದೇ ಈ ಅವಸರ.

ಇದೇ ನಿಯಮವನ್ನು ನಮ್ಮ ಅಡುಗೆಮನೆಯಲ್ಲೂ ಪಾಲಿಸಬಹುದು. ಹಾಲು ಕುದಿದ ಮೇಲೆ ಮುಚ್ಚಳ ಮುಚ್ಚಿ, ಪಾತ್ರೆಯನ್ನು ತಣ್ಣೀರು ತುಂಬಿದ ಪರಾತದಲ್ಲಿ ಇಡಬೇಕು. ನೀರು ಬಿಸಿಯಾದಂತೆ ಒಂದೆರಡು ಸಲ ಬದಲಿಸಬೇಕು; ಹಾಲಿಗೂ ನೀರಿಗೂ ಶಾಖದ ಅಂತರ ಹೆಚ್ಚಿದ್ದಷ್ಟೂ ಬೇಗ ತಣಿಯುತ್ತದೆ. ತೆಗೆದ ನೀರನ್ನು ಚೆಲ್ಲದೆ ಗಿಡಗಳಿಗೆ ಹಾಕಬಹುದು. ನೀರಿನ ಬೆಲೆ ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ತಣಿದ ಹಾಲನ್ನು ಫ್ರಿಜ್ಜಿನಲ್ಲಿ ಇಡುವುದು ಉತ್ತಮ. ಫ್ರಿಜ್ ಇಲ್ಲದವರು ಬೇಗ ಬಳಸಬೇಕು. ಮೊಸರಿಗೆ ಹೆಪ್ಪು ಹಾಕುವಾಗಲೂ ಲೆಕ್ಕ ಇದೇ: ಸುಡುವ ಹಾಲಿನಲ್ಲಿ ಹೆಪ್ಪು ಸಾಯುತ್ತದೆ; ಉಗುರುಬೆಚ್ಚಗಿನ ಹಾಲನ್ನು ತೆರೆದಿಟ್ಟು ಮರೆತರೆ ಹೆಪ್ಪಿಗಿಂತ ಮೊದಲು ಬೇರೆ ಜೀವಾಣುಗಳು ಮನೆ ಮಾಡುತ್ತವೆ.

ನಮ್ಮ ಶಾಲೆಗಳ ಮಕ್ಕಳು ಇದನ್ನು ಸ್ವತಃ ಪರೀಕ್ಷಿಸಬಹುದು. ಹಿರಿಯರು ಕುದಿಸಿಕೊಟ್ಟ ಹಾಲನ್ನು ಎರಡು ಸಮ ಪಾತ್ರೆಗಳಿಗೆ ಹಾಕಿ, ಒಂದನ್ನು ಮುಚ್ಚಿ ನೀರಿನಲ್ಲಿ ತಣಿಸಿ, ಇನ್ನೊಂದನ್ನು ತೆರೆದಿಟ್ಟು, ಯಾವುದು ಮೊದಲು ಕೆಡುತ್ತದೆಂದು ಗಂಟೆಗಳ ಲೆಕ್ಕ ಬರೆದಿಡಲಿ. ಪರೀಕ್ಷೆಯ ಹಾಲನ್ನು ಕುಡಿಯಬಾರದು. ನೋಡಿ ಬರೆದಿಟ್ಟ ಲೆಕ್ಕವನ್ನೇ ನಂಬಿ ನಡೆದ ಪಾಶ್ಚರರನ್ನು ಅರಿಯಲು ಪಠ್ಯದ ಪುಟದ ಜೊತೆಗೆ ಅಂತಹ ಒಂದು ಲೆಕ್ಕದ ಹಾಳೆಯೂ ಬೇಕು.