ಕನ್ನಡ ಧಾತುಗಳ ನಡೆಯನ್ನರಿತ ಡಾ. ಕಿಟೆಲ್

ಕನ್ನಡ ನುಡಿಗೆ ಸೇವೆ ಸಲ್ಲಿಸಿದ ವಿದೇಶೀಯ ವಿದ್ವಾಂಸರಲ್ಲಿ ಡಾ. ಫರ್ಡಿನಾಂಡ್ ಕಿಟೆಲ್ಲರ ಹೆಸರು ಅಗ್ರಗಣ್ಯವಾದುದು. ಅವರ ನಿಘಂಟಿನ ಹೆಸರನ್ನು ಕೇಳದ ಕನ್ನಡ ಅಧ್ಯಾಪಕರಿಲ್ಲ. ಆದರೆ ಆ ಬೃಹದ್ಗ್ರಂಥದಲ್ಲಿ ಶಬ್ದಾರ್ಥದೊಡನೆ ಕ್ರಿಯಾಪದಗಳ ವರ್ಗವಿಭಾಗದ ಕೀಲಿಕೈಯೂ ಅಡಗಿದೆಯೆಂಬುದು ಎಲ್ಲರ ಗಮನಕ್ಕೂ ಬಂದಿರಲಾರದು.

ಕಿಟೆಲ್ಲರು 1832ರಲ್ಲಿ ಉತ್ತರ ಜರ್ಮನಿಯಲ್ಲಿ ಪಾದ್ರಿಯೊಬ್ಬರ ಪುತ್ರರಾಗಿ ಜನಿಸಿದರು. ವಿಲಿಯಂ ರೀವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದುದೂ ಅದೇ ವರ್ಷ. 1850ರಲ್ಲಿ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿದ ತರುಣ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳು ಅವರ ಕಾರ್ಯಕ್ಷೇತ್ರಗಳಾದವು. ಧರ್ಮಪ್ರಚಾರ ಅವರ ವೃತ್ತಿ. ಆದರೆ ಜನರೊಡನೆ ಬೆರೆತು ಅವರ ನುಡಿಯನ್ನೂ ಕಾವ್ಯವನ್ನೂ ಅರಿಯದೆ ಅವರ ಹೃದಯವನ್ನು ಮುಟ್ಟಲಾಗದೆಂದು ಅವರು ಬಗೆದರು. ಈ ನಡೆ ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ಅಸಮಾಧಾನವನ್ನು ಸಹಿಸಿಕೊಂಡೇ ಅವರು ಕನ್ನಡದ ಅಧ್ಯಯನವನ್ನು ಮುಂದುವರಿಸಿದರು. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು.

ಕನ್ನಡವನ್ನು ಹೊಸದಾಗಿ ಕಲಿಯುವವನಿಗೆ ಎದುರಾಗುವ ತೊಡಕುಗಳಲ್ಲಿ ಭೂತಕಾಲವೂ ಒಂದು. ಮಾಡುತ್ತಾನೆ, ಕೊಡುತ್ತಾನೆ, ನಗುತ್ತಾನೆ ಎಂಬಲ್ಲಿ ಎಲ್ಲವೂ ಏಕರೂಪ. ಭೂತಕಾಲಕ್ಕೆ ಬಂದೊಡನೆ ಮಾಡಿದನು, ಕೊಟ್ಟನು, ನಕ್ಕನು ಎಂದು ದಾರಿಗಳು ಕವಲೊಡೆಯುತ್ತವೆ. ನಮ್ಮ ಉಮ್ಮತ್ತೂರು ಸೀಮೆಯ ಮಗು ಇದನ್ನು ತಾಯಿಯ ಮಡಿಲಲ್ಲೇ ಕಲಿಯುತ್ತದೆ. ಪರದೇಶದವನಿಗೆ ನಿಯಮ ಬೇಕು. ಕಿಟೆಲ್ಲರು ತಮ್ಮ ನಿಘಂಟಿನಲ್ಲಿ ಧಾತುವಿನ ಪಕ್ಕದಲ್ಲಿಯೇ ಅದರ ಭೂತಕಾಲದ ಕೃದವ್ಯಯ ರೂಪವನ್ನು ನಮೂದಿಸಿದರು. ಆ ಒಂದು ರೂಪ ತಿಳಿದರೆ ಭೂತಕಾಲದ ಉಳಿದ ರೂಪಗಳು ತಾವಾಗಿಯೇ ಒದಗುತ್ತವೆ.

ಹೀಗೆ ನೋಡಿದಾಗ ಧಾತುಗಳು ಪಂಗಡಗಳಾಗಿ ನಿಲ್ಲುತ್ತವೆ. ಮಾಡಿ, ಓದಿ, ಕೂಗಿ ಎಂಬಂತೆ ಇಕಾರ ಪಡೆಯುವವು ಒಂದು ಗುಂಪು. ಕರೆದು, ನಡೆದು, ತಿಂದು, ಬಂದು ಎಂಬಂತೆ ದುಕಾರ ಪಡೆಯುವವು ಇನ್ನೊಂದು. ಕಲಿತು, ಅರಿತು, ಸೋತು ಎಂಬಂತೆ ತುಕಾರ ಪಡೆಯುವವು ಮತ್ತೊಂದು. ಕೊಟ್ಟು, ಸುಟ್ಟು, ನಕ್ಕು, ಹೊಕ್ಕು ಎಂದು ದ್ವಿತ್ವ ಹೊಂದುವವು ಬೇರೊಂದು. ಮೇಲ್ನೋಟಕ್ಕೆ ಅಕ್ರಮವೆನಿಸುವಲ್ಲಿಯೂ ಕ್ರಮವಿದೆ. ಕೊಡು, ಇಡು, ಉಡು, ಸುಡು ಎಂಬ ಹ್ರಸ್ವಾದಿ ಧಾತುಗಳು ದ್ವಿತ್ವ ಹೊಂದಿದರೆ, ಮಾಡು, ನೋಡು, ಬೇಡು, ಓಡು ಎಂಬ ದೀರ್ಘಾದಿ ಧಾತುಗಳು ಇಕಾರ ಪಡೆಯುತ್ತವೆ. ಅಧ್ಯಾಪಕರು ಇದನ್ನು ತೋರಿಸಿಕೊಟ್ಟರೆ ವ್ಯಾಕರಣವು ಬಾಯಿಪಾಠದ ಹೊರೆಯಾಗದೆ ಬುದ್ಧಿಗೆ ಹಬ್ಬವಾದೀತು.

ಈ ನಿಘಂಟಿಗಾಗಿ ಅವರು ತೆತ್ತ ಬೆಲೆ ಅಲ್ಪವಲ್ಲ. 1877ರಲ್ಲಿ ಸ್ವದೇಶಕ್ಕೆ ಮರಳಿದ್ದ ಅವರು ನಿಘಂಟಿನ ಕಾರ್ಯಕ್ಕಾಗಿಯೇ 1883ರಲ್ಲಿ ಮತ್ತೆ ಬಂದು 1892ರವರೆಗೆ ಇಲ್ಲಿದ್ದರು. ಓಲೆಗರಿ, ಹಸ್ತಪ್ರತಿಗಳ ಮೇಲೆ ಬಾಗಿ ಬಾಗಿ ಕಣ್ಣುಗಳು ಬಳಲಿದವು. ಬಸವಪುರಾಣವೂ, ನಮ್ಮ ನೆರೆಯ ಯಳಂದೂರಿನೊಡನೆ ನಂಟುಳ್ಳ ಷಡಕ್ಷರದೇವನ ರಾಜಶೇಖರವಿಳಾಸವೂ, ಜನರ ಬಾಯಲ್ಲಿನ ಗಾದೆಗಳೂ ಅವರಿಗೆ ಆಕರಗಳಾದವು. ಸುಮಾರು 70,000 ಶಬ್ದಗಳ ಆ ಕೋಶ 1894ರಲ್ಲಿ ಮಂಗಳೂರಿನಲ್ಲಿ ಬೆಳಕು ಕಂಡಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು.

ಅಲ್ಲಿಗೂ ಅವರು ವಿಶ್ರಮಿಸಲಿಲ್ಲ. ಪ್ರಾಚೀನ, ಮಧ್ಯಕಾಲೀನ, ಆಧುನಿಕವೆಂಬ ಮೂರು ಅವಸ್ಥೆಗಳ ಕನ್ನಡವನ್ನು ಒಟ್ಟಿಗೆ ವಿವರಿಸುವ ವ್ಯಾಕರಣವನ್ನು ಬರೆದರು. ಅದು ಪ್ರಕಟವಾದ 1903ರಲ್ಲಿಯೇ ಟ್ಯೂಬಿಂಗನ್ನಿನಲ್ಲಿ ಕಾಲವಶರಾದರು. ಮದರಾಸು ವಿಶ್ವವಿದ್ಯಾಲಯದ ಮೂಲಕ ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಅವರ ನಿಘಂಟು ಮುಂದೆ ನಾಲ್ಕು ಸಂಪುಟಗಳಲ್ಲಿ ಹೊರಬಂದಿತು.

ಹುಟ್ಟಿನಿಂದ ಬಂದ ನುಡಿಯನ್ನು ನಾವು ಸುಲಭವಾಗಿ ಆಡುತ್ತೇವೆ. ಸುಲಭವಾದುದರಿಂದಲೇ ಅದರ ವ್ಯವಸ್ಥೆಯನ್ನು ಕಾಣದೆ ಹೋಗುತ್ತೇವೆ. ಅನ್ಯದೇಶದಿಂದ ಬಂದ ಈ ಮಹನೀಯರು ಅದನ್ನು ಕಂಡರು, ಕಾಣಿಸಿದರು. ನಮ್ಮ ಮಕ್ಕಳು ಒಂದು ಧಾತುವಿನ ನಡೆಯನ್ನು ತಾವೇ ಹುಡುಕಿ ತಿಳಿದಾಗ ಆ ದುಡಿಮೆಯ ಋಣ ಕಿಂಚಿತ್ತಾದರೂ ಸಂದಂತಾಗುವುದು.