ಪಿನಾರರ ಪುಟ್ಟ ಕಹಳೆ

ನಮ್ಮ ಹೆರಿಗೆ ಆಸ್ಪತ್ರೆಗಳಲ್ಲಿ ದಾದಿಯರು ಬಸುರಿಯ ಹೊಟ್ಟೆಗಿಟ್ಟು ಆಲಿಸುವ ಪುಟ್ಟ ಕಹಳೆಯನ್ನು ಹಲವರು ಕಂಡಿರಬಹುದು. ಅದನ್ನು ರೂಪಿಸಿದ ಅಡಾಲ್ಫ್ ಪಿನಾರರ ಬಾಳು ನನಗೆ ಆ ಕಹಳೆಗಿಂತಲೂ ದೊಡ್ಡದಾಗಿ ತೋರುತ್ತದೆ.

1844ರಲ್ಲಿ ಫ್ರಾನ್ಸಿನ ಸಣ್ಣ ಊರೊಂದರಲ್ಲಿ ಜನಿಸಿದ ಅವರು ಪ್ಯಾರಿಸ್ಸಿನಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾದರು. ತಾಯಿಯ ಉದರವನ್ನು ಹೊರಗಿನಿಂದ ಮುಟ್ಟಿಯೇ ಶಿಶುವಿನ ಭಂಗಿಯನ್ನು ಅರಿಯುವ ಕ್ರಮವನ್ನು 1878ರಲ್ಲಿ ಗ್ರಂಥವಾಗಿ ಬರೆದರು. ಗರ್ಭಸ್ಥ ಶಿಶುವಿನ ಎದೆಬಡಿತ ಹೊರಗೆ ಕೇಳಿಸುವುದೆಂದು ಕೆರ್ಗರಾದೆಕ್ ಎಂಬ ವೈದ್ಯರು 1821ರಲ್ಲಿಯೇ ತೋರಿಸಿದ್ದರು. ಅದನ್ನು ಆಲಿಸಲು ಪಿನಾರರು 1895ರಲ್ಲಿ ಈ ಕಹಳೆಯನ್ನು ಮಾಡಿದರು. ಬಡಿತ ತೀರ ಕುಗ್ಗಿದರೆ ಶಿಶುವಿಗೆ ಆಪತ್ತಿನ ಸೂಚನೆ.

ಅದೇ ವರ್ಷ ಅವರು ಇನ್ನೊಂದು ಸತ್ಯವನ್ನು ತೂಗಿ ತೋರಿಸಿದರು. ಹೆರಿಗೆಯ ದಿನದವರೆಗೂ ದುಡಿದ 500 ತಾಯಂದಿರ ಕೂಸುಗಳಿಗಿಂತ, ಮುಂಚೆ ಕೆಲವು ದಿನ ವಿಶ್ರಾಂತಿ ಪಡೆದ 500 ತಾಯಂದಿರ ಕೂಸುಗಳು ಸರಾಸರಿ ಸುಮಾರು 300 ಗ್ರಾಂ ಹೆಚ್ಚು ತೂಗಿದವು. ಬಡ ಬಸುರಿಗೂ ವಿರಾಮ ಬೇಕೆಂದು ಅವರು ಬಹುಕಾಲ ವಾದಿಸಿದರು. 1913ರಲ್ಲಿ ಫ್ರಾನ್ಸಿನಲ್ಲಿ ಅದು ಶಾಸನವಾಯಿತು. 1919ರಲ್ಲಿ ಅವರೇ ಶಾಸನಸಭೆಗೆ ಆರಿಸಿಬಂದರು. 1934ರಲ್ಲಿ ತೀರಿಕೊಂಡರು.

ಮಂಡ್ಯ, ಮದ್ದೂರು, ಮಳವಳ್ಳಿಗಳ ನಾಲೆಯ ಬಯಲಿನಲ್ಲಿ ತುಂಬು ಬಸುರಿಯರೂ ಬಾಗಿ ನಾಟಿ ಹಾಕುವುದನ್ನು ನಾನು ಕಂಡಿದ್ದೇನೆ. ಕಹಳೆಯೇನೋ ನಮ್ಮ ಹೆರಿಗೆ ಕೋಣೆಗೆ ಬಂದಿತು; ಆ 300 ಗ್ರಾಮಿನ ಪಾಠ ಗದ್ದೆಯ ಬದುವಿಗೆ ಇನ್ನೂ ಬರಬೇಕಾಗಿದೆ.