ಡಾರ್ವಿನ್ ಸಾಕಿದ ಪಾರಿವಾಳಗಳು

ಚಾರ್ಲ್ಸ್ ಡಾರ್ವಿನ್ 1809ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಅವರ ಹಡಗಿನ ಪ್ರಯಾಣದ ಕಥೆ ಸೈನ್ಸ್‌ನವರಿಗೆ ಗೊತ್ತೇ ಇದೆ. ಕಾಮರ್ಸ್ ಓದುವ ನನಗೆ ಹಿಡಿಸಿದ್ದು ಬೇರೆ: 1838ರಲ್ಲಿ ಅವರಿಗೆ ದಾರಿ ತೋರಿಸಿದ್ದು ಅರ್ಥಶಾಸ್ತ್ರಜ್ಞ ಮಾಲ್ಥಸ್ ಬರೆದ ಜನಸಂಖ್ಯೆಯ ಪುಸ್ತಕ. ಹುಟ್ಟುವ ಜೀವಿಗಳು ಹೆಚ್ಚು, ಆಹಾರ ಕಡಿಮೆ. ಪರಿಸರಕ್ಕೆ ಹೊಂದುವ ಗುಣವಿದ್ದವು ಹೆಚ್ಚಾಗಿ ಉಳಿದು ಮರಿ ಮಾಡುತ್ತವೆ, ಆ ಗುಣ ಮುಂದಿನ ಪೀಳಿಗೆಗಳಲ್ಲಿ ಹರಡುತ್ತದೆ. ಇದೇ ನೈಸರ್ಗಿಕ ಆಯ್ಕೆ.

1855ರಲ್ಲಿ ಅವರು ಮನೆಯಲ್ಲೇ ಪಾರಿವಾಳ ಸಾಕತೊಡಗಿದರು, ಲಂಡನ್ನಿನ ಪಾರಿವಾಳ ಕ್ಲಬ್ಬುಗಳಿಗೂ ಸೇರಿದರು. ಸಾಮಾನ್ಯ ಪಾರಿವಾಳದ ಬಾಲದಲ್ಲಿ ಸುಮಾರು 12 ಗರಿ. ನಾವು ಉರ್ದುವಿನಲ್ಲಿ ಲಕ್ಕಾ ಎನ್ನುವ ಕಬೂತರ್‌ಗೆ 30, ಕೆಲವಕ್ಕೆ 40! ಬಾಲ ಅಗಲವಿದ್ದ ಜೋಡಿಗಳನ್ನೇ ಸಾಕುವವರು ಆರಿಸುತ್ತಾ ಬಂದ ಫಲ ಇದು, ಅಂದರೆ ಕೃತಕ ಆಯ್ಕೆ. ಮನುಷ್ಯನಿಂದಲೇ ಇಷ್ಟಾದರೆ ಲಕ್ಷಾಂತರ ವರ್ಷಗಳಲ್ಲಿ ಪ್ರಕೃತಿಯಿಂದ ಎಷ್ಟಾಗಬೇಡ ಎಂಬುದು ಅವರ ತರ್ಕ. ಅಕ್ಬರ್ ಬಾದಶಾಹರ 20,000 ಪಾರಿವಾಳಗಳನ್ನೂ ಅವರು ನೆನೆದಿದ್ದಾರೆ.

ಆದರೂ ಇಪ್ಪತ್ತು ವರ್ಷ ಪ್ರಕಟಿಸಲಿಲ್ಲ. 1858ರ ಜೂನ್‌ನಲ್ಲಿ ವ್ಯಾಲೇಸ್ ಎಂಬುವರ ಲೇಖನ ಅಂಚೆಯಲ್ಲಿ ಬಂತು. ಅದರಲ್ಲೂ ಇದೇ ವಿಚಾರ! ಅದೇ ತಿಂಗಳು ಡಾರ್ವಿನ್ನರ ಪುಟ್ಟ ಮಗ ಜ್ವರದಿಂದ ತೀರಿಕೊಂಡ. ಜುಲೈ 1ರಂದು ಲಂಡನ್ನಿನ ಸಭೆಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಿದಾಗ ಅವರು ಅಲ್ಲಿರಲಿಲ್ಲ. ಮರುವರ್ಷ ನವೆಂಬರ್‌ನಲ್ಲಿ ಪುಸ್ತಕ ಬಂತು. ಮೊದಲ ಅಧ್ಯಾಯದಲ್ಲೇ ಪಾರಿವಾಳಗಳಿವೆ.